ಬೂಷ್ಟು ಹಿಡಿದ ಮೇವಿನಿಂದ ದೊರೆತ ಔಷಧ: ಕಿಣ್ವಪ್ರತಿಬಂಧದ ಒಂದು ನಿದರ್ಶನ

ಮೇವನ್ನು ಒಣಗಿಸಿ ಕೂಡಿಡುವ ರೈತನಿಗೆ ಅಕಾಲದ ಮಳೆಗಿಂತ ದೊಡ್ಡ ಶತ್ರುವಿಲ್ಲ. ಕೊಯ್ದು ಹರಡಿದ ಸೊಪ್ಪು ಒಣಗುವುದಕ್ಕೆ ಮೊದಲೇ ನೆನೆದು, ಬಣವೆಯೊಳಗೆ ಬಿಸಿಯೇರಿ, ಬೂಷ್ಟು ಹಿಡಿದು ಕಪ್ಪಾಗುವುದನ್ನು ಕಾಣದ ಬೇಸಾಯಗಾರನಾರು? ಇಂತಹ ಮೇವನ್ನು ದನಗಳಿಗೆ ಹಾಕಬಾರದೆಂಬುದು ಎಲ್ಲರಿಗೂ ಗೊತ್ತಿರುವುದೇ. ಆದರೆ ಬೇರೆ ಮೇವಿಲ್ಲದ ವರ್ಷದಲ್ಲಿ, ಕೊಟ್ಟಿಗೆಯ ದನ ಹಸಿದು ಕೂಗುವಾಗ, ಇರುವುದನ್ನು ತಿಪ್ಪೆಗೆ ಎಸೆಯಲು ಯಾರ ಕೈಯೂ ಮುಂದಾಗುವುದಿಲ್ಲ. ಅಮೆರಿಕಾ ಖಂಡದ ಉತ್ತರದ ಬಯಲು ಸೀಮೆಯಲ್ಲಿ ೧೯೨೦ರ ದಶಕದಲ್ಲಿ ಇದೇ ಇಕ್ಕಟ್ಟಿಗೆ ಸಿಕ್ಕಿದ ರೈತರ ದನಗಳು ರಕ್ತ ಸೋರಿ ಸತ್ತವು. ಆ ಸಾವಿನ ಕಾರಣವನ್ನು ಹುಡುಕುತ್ತ ಹೋದ ವಿದ್ವಾಂಸರಿಗೆ ಮೊದಲು ಒಂದು ವಿಷವೂ, ಅದರ ಜಾಡಿನಲ್ಲಿ ಇಲಿಗಳನ್ನು ನಾಶಮಾಡುವ ಒಂದು ಪಾಷಾಣವೂ, ಕಡೆಗೆ ಮನುಷ್ಯರ ಪ್ರಾಣವನ್ನುಳಿಸುವ ಒಂದು ಔಷಧವೂ ದೊರೆತವು. ಮೂರೂ ಒಂದೇ ವರ್ಗದ ವಸ್ತುಗಳು. ಮೂರರ ಕಾರ್ಯವೂ ಶರೀರದೊಳಗಿನ ಒಂದೇ ಕಿಣ್ವವನ್ನು ತಡೆಯುವುದರಲ್ಲಿದೆ. ಈ ಔಷಧವನ್ನು ನಿತ್ಯವೂ ಸೇವಿಸುವವರು ಹಳ್ಳಿಗಳಲ್ಲಿಯೂ ಇರುವರು. ಈ ಪಾಷಾಣವನ್ನು ಕಣಜದ ಬಳಿಯಲ್ಲಿ ಇಡುವವರು ಅವರಿಗಿಂತಲೂ ಹೆಚ್ಚಾಗಿರುವರು. ಆದುದರಿಂದ ಇದರ ವಿಚಾರವು ಗ್ರಾಮದ ಹಿರಿಯರೂ ಭೂಮಾಲಿಕರೂ ತಿಳಿದಿರತಕ್ಕದ್ದಾಗಿದೆ.

ಮೇಲೆ ಹೇಳಿದ ಮೇವಿಗೆ ಸ್ವೀಟ್ ಕ್ಲೋವರ್ ಎಂದು ಹೆಸರು. ಸಸ್ಯಶಾಸ್ತ್ರದಲ್ಲಿ ಅದನ್ನು ಮೆಲಿಲೋಟಸ್ ಎನ್ನುವರು. ಅದು ಮೆಂತ್ಯಕ್ಕೆ ಹತ್ತಿರದ ಬಂಧು. ಉತ್ತರ ಹಿಂದೂಸ್ಥಾನದಲ್ಲಿ ಸೇಂಜಿ ಎಂದು ಬೆಳೆಯುವ ಮೇವು ಇದೇ ಕುಲಕ್ಕೆ ಸೇರಿದೆ. ನಿಸ್ಸಾರವಾದ ಭೂಮಿಯಲ್ಲಿಯೂ ಬರುವುದು, ಚಳಿ ಮತ್ತು ಅನಾವೃಷ್ಟಿಗಳನ್ನು ತಾಳುವುದು, ದ್ವಿದಳ ಜಾತಿಯಾದುದರಿಂದ ನೆಲಕ್ಕೆ ಸಾರಜನಕವನ್ನು ಕೂಡಿಸುವುದು ಎಂಬ ಗುಣಗಳಿಗಾಗಿ ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿಯೂ, ಅಮೆರಿಕಾ ಸಂಯುಕ್ತ ಸಂಸ್ಥಾನದ ಉತ್ತರ ಡಕೋಟಾ ಮುಂತಾದ ಕಡೆಗಳಲ್ಲಿಯೂ ಅದನ್ನು ವಿಶೇಷವಾಗಿ ಬಿತ್ತಿದರು. ಅದರಲ್ಲಿ ಕೂಮರಿನ್ ಎಂಬ ಸುವಾಸನಾದ್ರವ್ಯವಿದೆ. ಹೊಸದಾಗಿ ಕೊಯ್ದ ಹುಲ್ಲಿನ ಇಂಪಾದ ವಾಸನೆಗೆ ಕಾರಣವೂ ಇದೇ. ಚೆನ್ನಾಗಿ ಒಣಗಿದ ಸ್ವೀಟ್ ಕ್ಲೋವರ್ ದನಗಳಿಗೆ ಏನೂ ಕೆಡುಕು ಮಾಡುವುದಿಲ್ಲ.

ತೊಂದರೆಯು ಕಂಡದ್ದು ಹೀಗೆ. ನೋಡಲು ಪುಷ್ಟವಾಗಿದ್ದ ದನಗಳ ಕೊಂಬನ್ನು ಕತ್ತರಿಸಿದರೆ ಅಥವಾ ಹೋರಿಯ ಬೀಜವನ್ನು ಒಡೆದರೆ, ಗಾಯದ ರಕ್ತವು ನಿಲ್ಲದೆ ಹರಿದು ಅವು ಸಾಯುತ್ತಿದ್ದುವು. ಶಸ್ತ್ರ ಮುಟ್ಟದ ದನಗಳಲ್ಲಿಯೂ ಚರ್ಮದ ಕೆಳಗೆ ದೊಡ್ಡ ದೊಡ್ಡ ಗಂಟುಗಳೆದ್ದು, ಕಾಲು ಸೆಟೆದು, ನಡೆಯಲಾರದೆ ಬೀಳುತ್ತಿದ್ದುವು. ಗಂಟುಗಳನ್ನು ಕೊಯ್ದು ನೋಡಿದರೆ ಒಳಗೆ ಹೆಪ್ಪುಗಟ್ಟದ ರಕ್ತ. ಇದು ಅಂಟುರೋಗವೆಂದು ಅನೇಕರು ಭಾವಿಸಿದ್ದರು. ಕೆನಡಾದ ಒಂಟಾರಿಯೋ ಪಶುವೈದ್ಯ ಕಾಲೇಜಿನ ಫ್ರಾಂಕ್ ಸ್ಕೋಫೀಲ್ಡ್ ಎಂಬವರು ೧೯೨೦ರ ದಶಕದ ಆರಂಭದಲ್ಲಿ ಅದು ಅಂಟುರೋಗವಲ್ಲವೆಂದು ತೋರಿಸಿದರು. ಅವರು ಮಾಡಿದ ಪರೀಕ್ಷೆಯು ಯಾವ ರೈತನೂ ಒಪ್ಪುವಷ್ಟು ಸರಳವಾಗಿತ್ತು: ಒಂದೇ ಅಟ್ಟದ ಮೇವಿನಿಂದ ಒಳ್ಳೆಯ ಕಡ್ಡಿಗಳನ್ನೂ ಕೆಟ್ಟ ಕಡ್ಡಿಗಳನ್ನೂ ಬೇರೆ ಬೇರೆಯಾಗಿ ಆರಿಸಿ ಎರಡು ಮೊಲಗಳಿಗೆ ಹಾಕಿದರು. ಒಳ್ಳೆಯ ಕಡ್ಡಿಗಳನ್ನು ತಿಂದ ಮೊಲವು ಸುಖವಾಗಿತ್ತು. ಕೆಟ್ಟದ್ದನ್ನು ತಿಂದದ್ದು ರಕ್ತಸ್ರಾವದಿಂದ ಸತ್ತಿತು. (ಇದೇ ಸ್ಕೋಫೀಲ್ಡರು ಅದಕ್ಕೆ ಮೊದಲು ಕೊರಿಯಾ ದೇಶದಲ್ಲಿದ್ದು, ೧೯೧೯ರಲ್ಲಿ ಅಲ್ಲಿನ ಸ್ವಾತಂತ್ರ್ಯ ಚಳವಳಿಯ ಛಾಯಾಚಿತ್ರಗಳನ್ನು ತೆಗೆದು ಲೋಕಕ್ಕೆ ತೋರಿಸಿದವರು, ಅವರ ಸಮಾಧಿಯು ಸಿಯೋಲ್ ನಗರದಲ್ಲಿದೆ.) ಬಳಿಕ ಉತ್ತರ ಡಕೋಟಾದ ಲೀ ರೋಡರಿಕ್ ಎಂಬವರು, ರೋಗಗ್ರಸ್ತವಾದ ದನಗಳ ರಕ್ತದಲ್ಲಿ ಪ್ರೋಥ್ರೋಂಬಿನ್ ಎಂಬ ವಸ್ತುವಿನ ಕೊರತೆಯಿರುವುದೆಂದು ಕಂಡುಹಿಡಿದರು.

೧೯೩೩ರ ಫೆಬ್ರವರಿ ತಿಂಗಳ ಒಂದು ಶನಿವಾರ, ಹಿಮದ ಬಿರುಗಾಳಿ ಬೀಸುತ್ತಿದ್ದಾಗ, ವಿಸ್ಕಾನ್ಸಿನ್ ಸಂಸ್ಥಾನದ ರೈತನೊಬ್ಬನು ಸುಮಾರು ೧೯೦ ಮೈಲಿ ದೂರದಿಂದ ಮ್ಯಾಡಿಸನ್ ನಗರಕ್ಕೆ ತನ್ನ ಬಂಡಿಯನ್ನು ನಡೆಸಿಕೊಂಡು ಬಂದನು. ಬಂಡಿಯಲ್ಲಿ ಸತ್ತ ಕಡಸೊಂದು, ಹೆಪ್ಪುಗಟ್ಟದ ರಕ್ತವು ತುಂಬಿದ ಹಾಲಿನ ಕ್ಯಾನೊಂದು, ಮತ್ತು ಸುಮಾರು ೧೦೦ ಪೌಂಡು ಕೆಟ್ಟ ಸ್ವೀಟ್ ಕ್ಲೋವರ್ ಇದ್ದುವು. ಪಶುವೈದ್ಯಾಧಿಕಾರಿಗಳ ಕಚೇರಿಯು ಮುಚ್ಚಿದ್ದುದರಿಂದ ಆತನು ವಿಶ್ವವಿದ್ಯಾನಿಲಯದ ರಸಾಯನ ಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಎಂಬವರ ಪ್ರಯೋಗಶಾಲೆಯ ಬಾಗಿಲಿಗೆ ಬಂದನು. ಆ ಮೇವನ್ನು ಹಾಕುವುದನ್ನು ನಿಲ್ಲಿಸಿ, ಸಾಧ್ಯವಾದರೆ ಬೇರೆ ದನದ ರಕ್ತವನ್ನು ಹಾಕಿಸು ಎಂಬುದರ ಹೊರತು ಬೇರೇನನ್ನೂ ಹೇಳಲು ಲಿಂಕರಿಗೆ ಸಾಧ್ಯವಾಗಲಿಲ್ಲ. ಬೇರೆ ಮೇವನ್ನು ಕೊಳ್ಳಲು ಆತನಲ್ಲಿ ಹಣವಿರಲಿಲ್ಲ. ಆತನು ಬಂದ ದಾರಿಯಲ್ಲಿಯೇ ಬರಿಗೈಯಲ್ಲಿ ಹಿಂದಿರುಗಿದನು. ಕ್ಯಾನಿನಲ್ಲಿದ್ದ ರಕ್ತವು ಮಾತ್ರ ಪ್ರಯೋಗಶಾಲೆಯಲ್ಲಿ ಉಳಿಯಿತು. ಲಿಂಕರೂ ಅವರ ಶಿಷ್ಯರೂ ಆರು ವರ್ಷಗಳ ಕಾಲ ಕೆಟ್ಟ ಮೇವನ್ನು ಸೋಸಿ, ಅದರ ಸಾರವನ್ನು ಮೊಲಗಳ ರಕ್ತದ ಮೇಲೆ ಪರೀಕ್ಷಿಸುತ್ತ, ೧೯೩೯ರ ಜೂನ್ ತಿಂಗಳಲ್ಲಿ ವಿಷವನ್ನು ಶುದ್ಧವಾದ ಹರಳುಗಳ ರೂಪದಲ್ಲಿ ಪಡೆದರು. ಆ ಹರಳುಗಳನ್ನು ಕಂಡವರು ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ಶಿಷ್ಯರು. ಬೂಷ್ಟು ಬೆಳೆಯುವಾಗ ಮೇವಿನಲ್ಲಿರುವ ನಿರುಪದ್ರವಿಯಾದ ಕೂಮರಿನ್ ಮಾರ್ಪಾಡು ಹೊಂದಿ, ಅದರ ಎರಡೆರಡು ಕಣಗಳು ಜೋಡಿಯಾಗಿ ಈ ವಿಷವಾಗುವುದೆಂದು ತಿಳಿದುಬಂದಿತು. ಅದಕ್ಕೆ ಡೈಕೂಮರಾಲ್ ಎಂದು ಹೆಸರಾಯಿತು. ಕೂಮರಿನ್ ಕಡಿಮೆಯಿರುವ ಸ್ವೀಟ್ ಕ್ಲೋವರ್ ತಳಿಗಳನ್ನು ಸಸ್ಯತಜ್ಞರು ಆಮೇಲೆ ಸಿದ್ಧಪಡಿಸಿದರು.

ಈ ವಿಷವು ಶರೀರದಲ್ಲಿ ಏನು ಮಾಡುವುದೆಂಬುದನ್ನು ಅರಿಯಬೇಕಾದರೆ, ಕಿಣ್ವವೆಂದರೇನೆಂಬುದನ್ನು ಮೊದಲು ತಿಳಿಯಬೇಕು. ರಾಗಿಯನ್ನು ನೆನೆಹಾಕಿ, ಮೊಳಕೆ ಕಟ್ಟಿಸಿ, ಒಣಗಿಸಿ ಬೀಸಿದ ಹಿಟ್ಟಿನ ಗಂಜಿಯು ಸಾಧಾರಣ ರಾಗಿಯ ಗಂಜಿಗಿಂತ ತೆಳುವಾಗಿಯೂ ಸಿಹಿಯಾಗಿಯೂ ಇರುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಮೊಳೆಯುವ ಕಾಳಿನಲ್ಲಿ ಹುಟ್ಟುವ ಒಂದು ವಸ್ತುವು ಪಿಷ್ಟವನ್ನು ಒಡೆದು ಸಕ್ಕರೆಯನ್ನಾಗಿ ಮಾಡುವುದೇ ಇದಕ್ಕೆ ಕಾರಣ. ಹೀಗೆ ತಾನು ವ್ಯಯವಾಗದೆ, ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬೇರೆ ವಸ್ತುಗಳನ್ನು ಬಹುವಾಗಿ ಮಾರ್ಪಡಿಸುವ ಜೀವಜನ್ಯ ಪದಾರ್ಥಕ್ಕೆ ಕಿಣ್ವವೆನ್ನುವರು. ಶರೀರದಲ್ಲಿ ಇಂತಹವು ಸಾವಿರಾರು ಇದ್ದು, ಒಂದೊಂದಕ್ಕೂ ಒಂದೊಂದೇ ಕೆಲಸ. ಪ್ರತಿಯೊಂದು ಕಿಣ್ವದಲ್ಲಿಯೂ ತನ್ನ ವಸ್ತುವನ್ನು ಹಿಡಿಯುವುದಕ್ಕೆ ಒಂದು ಗೂಡಿರುವುದು. ಬೀಗಕ್ಕೆ ಸಲ್ಲದ ಕೈಯೊಂದು ಒಳಗೆ ಹೊಕ್ಕು ಸಿಕ್ಕಿಕೊಂಡರೆ ನಿಜವಾದ ಕೈಗೆ ಅಲ್ಲಿ ಎಡೆಯಿಲ್ಲದಂತೆ, ಅನ್ಯವಸ್ತುವೊಂದು ಆ ಗೂಡನ್ನು ಹೊಕ್ಕು ಕುಳಿತರೆ ಕಿಣ್ವವು ನಿಷ್ಕ್ರಿಯವಾಗುವುದು. ಇದಕ್ಕೆ ಕಿಣ್ವಪ್ರತಿಬಂಧವೆಂದು ಹೆಸರು. ಔಷಧಗಳಲ್ಲಿಯೂ ವಿಷಗಳಲ್ಲಿಯೂ ಅನೇಕವು ಈ ಮಾರ್ಗದಿಂದಲೇ ಕೆಲಸ ಮಾಡುವುವು.

ರಕ್ತವು ಹೆಪ್ಪುಗಟ್ಟುವುದೂ ಕಿಣ್ವಗಳ ಕಾರ್ಯವೇ. ಗಾಯವಾದ ಕೂಡಲೆ ರಕ್ತದಲ್ಲಿರುವ ಹಲವು ಸುಪ್ತ ವಸ್ತುಗಳು ಒಂದನ್ನೊಂದು ಎಬ್ಬಿಸುತ್ತ ಬಂದು, ಕೊನೆಗೆ ಪ್ರೋಥ್ರೋಂಬಿನ್ ಎಂಬುದು ಥ್ರೋಂಬಿನ್ ಎಂಬ ಕಿಣ್ವವಾಗಿ ಮಾರ್ಪಡುವುದು. ಅದು ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಎಂಬುದನ್ನು ನೂಲಿನಂತಹ ಫೈಬ್ರಿನ್ ಆಗಿ ಮಾಡಿ ಗಾಯದ ಬಾಯಿಗೆ ಬಲೆಯನ್ನು ಹೆಣೆಯುವುದು. ಪ್ರೋಥ್ರೋಂಬಿನ್ನೂ ಅದರ ಜೊತೆಗಾರರಾದ ೭, ೯ ಮತ್ತು ೧೦ನೆಯ ಅಂಶಗಳೂ ಯಕೃತ್ತಿನಲ್ಲಿ ತಯಾರಾಗುವುವು. ತಯಾರಾದರೆ ಸಾಲದು, ಅವುಗಳಿಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಅನ್ನು ಹಿಡಿಯುವ ಹಲ್ಲುಗಳು ಮೂಡಬೇಕು. ಪ್ರೋಥ್ರೋಂಬಿನ್ನಿನಲ್ಲಿ ಇಂತಹ ಹತ್ತು ಹಲ್ಲುಗಳಿವೆ. ಈ ಸಂಗತಿಯು ಗೊತ್ತಾದದ್ದು ೧೯೭೪ರಲ್ಲಿ. ಸ್ವೀಡನ್ ದೇಶದ ಯೋಹಾನ್ ಸ್ಟೆನ್‌ಫ್ಲೋ ಎಂಬವರು ಡೈಕೂಮರಾಲನ್ನು ಕೊಟ್ಟ ದನಗಳ ಪ್ರೋಥ್ರೋಂಬಿನ್ನನ್ನು ಸಾಧಾರಣ ದನಗಳದ್ದರೊಡನೆ ಹೋಲಿಸಿ, ವಿಷವುಂಡ ದನದ ಯಕೃತ್ತು ಪ್ರೋಥ್ರೋಂಬಿನ್ನನ್ನು ಮಾಡುವುದನ್ನು ಬಿಟ್ಟಿಲ್ಲವೆಂದೂ, ಮಾಡಿದ್ದಕ್ಕೆ ಹಲ್ಲುಗಳು ಮಾತ್ರ ಇಲ್ಲವೆಂದೂ ತೋರಿಸಿದರು. ಹಿಮದಲ್ಲಿ ಬಂದ ಆ ಹಾಲಿನ ಕ್ಯಾನಿನ ಪ್ರಶ್ನೆಗೆ ಉತ್ತರವು ೪೧ ವರ್ಷಗಳ ತರುವಾಯ ದನದ ರಕ್ತದಲ್ಲಿಯೇ ದೊರೆಯಿತು.

ಹಲ್ಲುಗಳನ್ನು ಮೂಡಿಸುವ ಕಿಣ್ವಕ್ಕೆ ವಿಟಮಿನ್ ಕೆ ಎಂಬ ಪೋಷಕದ್ರವ್ಯದ ನೆರವು ಬೇಕು. ಅದನ್ನು ಕಂಡುಹಿಡಿದ ಬಗೆಯೂ ಬೇಸಾಯಕ್ಕೆ ಸಂಬಂಧಿಸಿದ್ದೇ. ೧೯೨೯ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಎಂಬವರು ಕೊಬ್ಬಿಲ್ಲದ ಆಹಾರವನ್ನು ತಿನ್ನಿಸಿ ಸಾಕಿದ ಕೋಳಿಮರಿಗಳ ಚರ್ಮದಡಿಯಲ್ಲಿ ರಕ್ತವು ಸೋರುವುದನ್ನು ಕಂಡರು. ಆಹಾರದಲ್ಲಿ ಯಾವುದೋ ಒಂದು ವಸ್ತುವಿನ ಕೊರತೆಯಿಂದ ಹೀಗಾಗುವುದೆಂದು ನಿರ್ಧರಿಸಿ, ಹೆಪ್ಪುಗಟ್ಟುವುದನ್ನು ಸೂಚಿಸುವ ತಮ್ಮ ಭಾಷೆಯ ಶಬ್ದದ ಮೊದಲಕ್ಷರವನ್ನು ತೆಗೆದುಕೊಂಡು ೧೯೩೫ರಲ್ಲಿ ಅದನ್ನು ವಿಟಮಿನ್ ಕೆ ಎಂದು ಕರೆದರು. ಅಮೆರಿಕಾದ ಎಡ್ವರ್ಡ್ ಡಾಯ್ಸಿಯವರು ಅದನ್ನು ಶುದ್ಧರೂಪದಲ್ಲಿ ಪಡೆದದ್ದು ಲೂಸರ್ನ್ ಎಂಬ ಕುದುರೆ ಮಸಾಲೆ ಸೊಪ್ಪಿನಿಂದ. ಇಬ್ಬರಿಗೂ ೧೯೪೩ರ ನೊಬೆಲ್ ಪಾರಿತೋಷಕವು ದೊರೆಯಿತು. ಮೇವಿನ ಒಂದು ಸೊಪ್ಪಿನಿಂದ ರಕ್ತವನ್ನು ಕಟ್ಟಿಸುವ ವಸ್ತುವೂ, ಅದರ ದಾಯಾದಿಯಾದ ಇನ್ನೊಂದರಿಂದ ಕಟ್ಟದಂತೆ ಮಾಡುವ ವಸ್ತುವೂ ಅದೇ ೧೯೩೯ರಲ್ಲಿಯೇ ಹೊರಬಂದುವೆಂಬುದು ವಿಚಿತ್ರವಾದರೂ ನಿಜ.

ವಿಟಮಿನ್ ಕೆ ಶರೀರದಲ್ಲಿ ಬಹು ಸ್ವಲ್ಪವೇ ಇರುವುದು. ಆದರೂ ಸಾಕಾಗುವುದು, ಏಕೆಂದರೆ ಒಂದೇ ಕಣವು ಮತ್ತೆ ಮತ್ತೆ ಉಪಯೋಗವಾಗುವುದು. ಇದನ್ನು ಹಿಂದೆ ಮೈಸೂರು ಸೀಮೆಯ ತೋಟದ ಬಾವಿಗಳ ಮೇಲೆ ನಡೆಯುತ್ತಿದ್ದ ಕಪಿಲೆಗೆ ಹೋಲಿಸಬಹುದು. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಾಗ ತೊಗಲಿನ ಚೀಲವು ನೀರನ್ನು ತುಂಬಿಕೊಂಡು ಮೇಲೇರಿ ತೊಟ್ಟಿಗೆ ಸುರಿಯುವುದು. ಎತ್ತುಗಳು ಹಿಂದಕ್ಕೆ ಸರಿದಾಗ ಬರಿದಾದ ಚೀಲವು ತಿರುಗಿ ಬಾವಿಗೆ ಇಳಿಯುವುದು. ಒಂದೇ ಚೀಲವು ದಿನವೆಲ್ಲ ನೀರೆತ್ತುವುದು. ವಿಟಮಿನ್ ಕೆ ಈ ಚೀಲದಂತೆ. ಒಂದು ಹಲ್ಲನ್ನು ಮೂಡಿಸಿದ ಕೂಡಲೆ ಅದು ಎಪಾಕ್ಸೈಡ್ ಎಂಬ ಬರಿದಾದ ರೂಪವನ್ನು ಹೊಂದುವುದು. ಅದನ್ನು ತಿರುಗಿ ಕೆಲಸಕ್ಕೆ ಬರುವ ರೂಪಕ್ಕೆ ತರುವ ಕಿಣ್ವವು ಬೇರೊಂದಿದೆ. ಅದರ ಹೆಸರು ವಿಟಮಿನ್ ಕೆ ಎಪಾಕ್ಸೈಡ್ ರಿಡಕ್ಟೇಸ್. ಎತ್ತುಗಳನ್ನು ಹಿಂದಕ್ಕೆ ಸರಿಸುವ ಆಳೇ ಈ ಕಿಣ್ವ. ಡೈಕೂಮರಾಲೂ ಅದರ ವಂಶದ ವಸ್ತುಗಳೂ ಹೊಕ್ಕು ಕುಳಿತುಕೊಳ್ಳುವುದು ಈ ಕಿಣ್ವದ ಗೂಡಿನಲ್ಲಿ. ಆಗ ಬಾವಿಯಲ್ಲಿ ನೀರಿದೆ, ಎತ್ತುಗಳಿವೆ, ಚೀಲವೂ ಹರಿದಿಲ್ಲ. ಆದರೆ ಬರಿಯ ಚೀಲವು ಮೇಲೆಯೇ ತೂಗಾಡುತ್ತ ತೋಟವು ಒಣಗುವುದು. ಈ ಕಿಣ್ವವನ್ನು ರಚಿಸುವ ಜೀನನ್ನು ೨೦೦೪ರಲ್ಲಿ ಗುರುತಿಸಲಾಯಿತು.

ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಔಷಧದ ವರ್ತನೆಯಲ್ಲಿ ತೋರುವ ಎರಡು ಸೋಜಿಗಗಳು ಬಿಡಿಸಿಕೊಳ್ಳುವುವು. ಕಿಣ್ವವು ಕೆಲವೇ ಗಂಟೆಗಳಲ್ಲಿ ತಡೆಯಲ್ಪಟ್ಟರೂ ರಕ್ತವು ಹೆಪ್ಪುಗಟ್ಟುವ ಶಕ್ತಿಯು ಆ ದಿನವೇ ಕುಂದುವುದಿಲ್ಲ. ಏಕೆಂದರೆ ಹಿಂದೆ ತಯಾರಾದ ಅಂಶಗಳು ರಕ್ತದಲ್ಲಿ ಇನ್ನೂ ಇರುವುವು. ಕಣಜಕ್ಕೆ ಕಾಳು ಬರುವುದು ನಿಂತರೂ ಇದ್ದ ಕಾಳು ಮುಗಿಯುವವರೆಗೆ ಮನೆಯವರಿಗೆ ಹಸಿವು ತಿಳಿಯದಷ್ಟೆ. ೭ನೆಯ ಅಂಶವು ಸುಮಾರು ೬ ಗಂಟೆಗಳಲ್ಲಿ ಅರ್ಧವಾಗುವುದು. ಪ್ರೋಥ್ರೋಂಬಿನ್ ಅರ್ಧವಾಗಲು ಸುಮಾರು ೬೦ರಿಂದ ೭೨ ಗಂಟೆಗಳು ಹಿಡಿಯುವುವು. ಆದಕಾರಣ ಔಷಧದ ಪೂರ್ಣ ಪರಿಣಾಮವು ಕಾಣಿಸುವುದಕ್ಕೆ ಐದಾರು ದಿನಗಳಾದರೂ ಬೇಕು. ನಿಲ್ಲಿಸಿದ ಮೇಲೆಯೂ ಹಲವು ದಿನ ಉಳಿಯುವುದು. ಎರಡನೆಯ ಸೋಜಿಗವು ಪ್ರತ್ಯೌಷಧದ್ದು. ತಡೆಯಲ್ಪಟ್ಟ ಕಿಣ್ವವನ್ನು ಬಿಡಿಸದೆಯೇ, ವಿಟಮಿನ್ ಕೆಯನ್ನು ಹೆಚ್ಚಾಗಿ ಕೊಟ್ಟರೆ ರಕ್ತವು ಮತ್ತೆ ಕಟ್ಟುವುದು. ಮೇಲಿನಿಂದ ಹೊಸ ಚೀಲಗಳನ್ನು ಒಂದರ ಮೇಲೊಂದು ಇಳಿಸಿದಂತೆ ಇದು. ಹೊಸದಾಗಿ ಬಂದ ವಿಟಮಿನ್ನನ್ನು ಕೆಲಸಕ್ಕೆ ಹಚ್ಚಲು ಶರೀರದಲ್ಲಿ ಬೇರೊಂದು ಅಡ್ಡದಾರಿಯ ಕಿಣ್ವವಿದ್ದು, ಅದನ್ನು ಈ ವಿಷವು ತಡೆಯಲಾರದು. ಆ ಕಿಣ್ವವು ಯಾವುದೆಂಬುದು ೨೦೨೨ರಲ್ಲಿ ಗೊತ್ತಾಯಿತು.

ಡೈಕೂಮರಾಲನ್ನು ೧೯೪೧ರಿಂದಲೇ ರೋಗಿಗಳಲ್ಲಿ ಪರೀಕ್ಷಿಸಿದರು. ಲಿಂಕರು ೧೯೪೫ರಲ್ಲಿ ಅಸ್ವಸ್ಥರಾಗಿ ಹಾಸಿಗೆ ಹಿಡಿದಿದ್ದಾಗ, ಇದೇ ವಂಶದ ಇನ್ನೂ ಪ್ರಬಲವಾದ ವಸ್ತುವನ್ನು ಇಲಿಗಳ ಮೇಲೆ ಪ್ರಯೋಗಿಸುವ ಯೋಚನೆಯನ್ನು ಮಾಡಿದರು. ಸಂಶೋಧನೆಗೆ ಧನಸಹಾಯ ಮಾಡಿದ ವಿಸ್ಕಾನ್ಸಿನ್ನಿನ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ವಾರ್ಫರಿನ್ ಎಂದು ಹೆಸರಿಟ್ಟು ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ತಂದರು. ೧೯೫೧ರಲ್ಲಿ ಅಮೆರಿಕಾದ ಸೈನ್ಯಕ್ಕೆ ಸೇರಿದ ಒಬ್ಬನು ಪ್ರಾಣ ಕಳೆದುಕೊಳ್ಳಬೇಕೆಂದು ಈ ಪಾಷಾಣವನ್ನು ತಿಂದನು. ಆಸ್ಪತ್ರೆಯಲ್ಲಿ ವಿಟಮಿನ್ ಕೆಯನ್ನೂ ಬೇರೆಯವರ ರಕ್ತವನ್ನೂ ಕೊಟ್ಟುದರಿಂದ ಪೂರ್ಣವಾಗಿ ಗುಣಹೊಂದಿದನು. ಇಂತಹ ಪ್ರತ್ಯೌಷಧವುಳ್ಳ ವಸ್ತುವನ್ನು ಮನುಷ್ಯರಿಗೂ ಅಳತೆಯಿಂದ ಕೊಡಬಹುದೆಂಬ ಧೈರ್ಯವು ವೈದ್ಯರಿಗೆ ಬರಲು ಇದೂ ಒಂದು ಕಾರಣ. ೧೯೫೪ರಲ್ಲಿ ವಾರ್ಫರಿನ್ ಔಷಧವಾಗಿ ಅಂಗೀಕೃತವಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕಾದ ಅಧ್ಯಕ್ಷ ಐಸೆನ್‌ಹೋವರರಿಗೂ ಅದನ್ನು ಕೊಟ್ಟರು.

ರಕ್ತವು ಕಟ್ಟದಂತೆ ಮಾಡುವುದು ಯಾರಿಗೆ ಹಿತವೆಂದು ಕೇಳಬಹುದು. ಗಾಯವಿಲ್ಲದ ಕಡೆಯಲ್ಲಿ, ರಕ್ತನಾಳದೊಳಗೆ ಅಥವಾ ಹೃದಯದೊಳಗೆ ಹೆಪ್ಪು ಕಟ್ಟಿದರೆ ಅದು ಹರಿದು ಹೋಗಿ ಮಿದುಳಿನ ನಾಳವನ್ನು ಮುಚ್ಚಿ ಲಕ್ವವನ್ನು ತರುವುದು. ಶ್ವಾಸಕೋಶಕ್ಕೆ ಹೋದರೆ ಪ್ರಾಣವೇ ಹೋಗುವುದು. ಬಾಲ್ಯದಲ್ಲಿ ಗಂಟಲು ಬೇನೆಯ ತರುವಾಯ ಬರುವ ಸಂಧಿವಾತಜ್ವರದಿಂದ ಹೃದಯದ ಕವಾಟಗಳು ಕೆಟ್ಟವರು ಭಾರತದಲ್ಲಿ ಬಹಳವಾಗಿರುವರು. ಅಂತಹವರಿಗೆ ಕೃತಕ ಕವಾಟವನ್ನು ಇಡುವರು; ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ನಿರ್ಮಿತವಾದ ಕವಾಟವನ್ನು ೧೯೯೦ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದರು. ಕೃತಕ ವಸ್ತುವಿನಿಂದಾದ ಇಂತಹ ಕವಾಟದ ಮೇಲೆ ರಕ್ತವು ಹೆಪ್ಪುಗಟ್ಟದಂತೆ ಜೀವಮಾನವೆಲ್ಲ ವಾರ್ಫರಿನ್ ಅಥವಾ ಅದರ ಸೋದರನಾದ ಅಸೆನೋಕೂಮರಾಲನ್ನು ನುಂಗಬೇಕು. ಈಚೆಗೆ ಥ್ರೋಂಬಿನ್ನನ್ನಾಗಲಿ ೧೦ನೆಯ ಅಂಶವನ್ನಾಗಲಿ ನೇರವಾಗಿ ತಡೆಯುವ ಹೊಸ ಮಾತ್ರೆಗಳು ಬಂದಿವೆ. ಆದರೆ ಕೃತಕ ಕವಾಟವುಳ್ಳವರ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ, ಸಂಧಿವಾತಜ್ವರದಿಂದ ಕವಾಟ ಕೆಟ್ಟವರ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ ಹಳೆಯ ಔಷಧವೇ ಮೇಲೆನಿಸಿತು. ಹೊಸ ಮಾತ್ರೆಗಳಿಗೆ ವಿಟಮಿನ್ ಕೆ ಪ್ರತ್ಯೌಷಧವೂ ಅಲ್ಲ. ಅವುಗಳ ಪ್ರತಿಬಂಧದ ಸ್ಥಾನವೇ ಬೇರೆ. "ರಕ್ತವನ್ನು ತೆಳುವಾಗಿಸುವ ಮಾತ್ರೆ" ಎಂದು ಜನರು ಕರೆಯುವುದುಂಟು. ವಾಸ್ತವವಾಗಿ ರಕ್ತವೇನೂ ತೆಳುವಾಗುವುದಿಲ್ಲ. ಅದು ಕಟ್ಟುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದು, ಅಷ್ಟೆ.

ಆ ಹೊತ್ತನ್ನು ಅಳೆಯುವ ರಕ್ತಪರೀಕ್ಷೆಯೊಂದಿದೆ; ಅದರ ಫಲಿತಾಂಶವನ್ನು ಐ.ಎನ್.ಆರ್. ಎಂಬ ಅಂಕದಲ್ಲಿ ಹೇಳುವರು. ಆರೋಗ್ಯವಂತರಲ್ಲಿ ಅದು ಸುಮಾರು ೧. ಈ ಔಷಧವನ್ನು ಸೇವಿಸುವ ಬಹುಮಂದಿಯಲ್ಲಿ ೨ರಿಂದ ೩ರವರೆಗೆ ಇರಬೇಕು. ಕೆಲವು ಬಗೆಯ ಕೃತಕ ಕವಾಟಗಳಿಗೆ ಸ್ವಲ್ಪ ಹೆಚ್ಚು. ಅದಕ್ಕಿಂತ ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪು. ಬಹಳ ಹೆಚ್ಚಾದರೆ ವಿಸ್ಕಾನ್ಸಿನ್ನಿನ ಕಡಸಿನ ಗತಿ. ಈ ಕಿರಿದಾದ ಬದುವಿನ ಮೇಲೆ ರೋಗಿಯು ವರ್ಷಗಟ್ಟಲೆ ನಡೆಯಬೇಕಾಗುವುದು. ಆದುದರಿಂದ ದೂರದ ಹಳ್ಳಿಯಿಂದ ತಿಂಗಳಿಗೊಮ್ಮೆ ಪಟ್ಟಣಕ್ಕೆ ಹೋಗಿ ರಕ್ತವನ್ನು ಪರೀಕ್ಷಿಸಿಕೊಳ್ಳುವುದು ವ್ಯರ್ಥ ವೆಚ್ಚವೆಂದು ಮನೆಯ ಯಜಮಾನನು ಎಣಿಸಬಾರದು. ಚೆನ್ನಾಗಿಯೇ ಇದ್ದೇನೆಂದು ಮಾತ್ರೆಯನ್ನು ಬಿಟ್ಟವರಿಗೆ ಕೆಡುಕು ಒಡನೆ ಕಾಣದು. ಹಲವು ದಿನಗಳ ಮೇಲೆ, ಮಾತ್ರೆಯನ್ನು ಬಿಟ್ಟದ್ದೇ ಮರೆತಿರುವಾಗ, ಒಂದು ಬೆಳಿಗ್ಗೆ ಕೈಕಾಲು ಬಿದ್ದುಹೋಗುವುದು.

ಆಹಾರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯು ಹಬ್ಬಿದೆ. ಸೊಪ್ಪುಗಳಲ್ಲಿ ವಿಟಮಿನ್ ಕೆ ವಿಶೇಷವಾಗಿರುವುದರಿಂದ ರೋಗಿಯು ಸೊಪ್ಪನ್ನೇ ಮುಟ್ಟಬಾರದೆಂದು ಕೆಲವರು ಹೇಳುವರು. ಬೇಕಾದದ್ದು ವರ್ಜನೆಯಲ್ಲ, ಸಮತೆ. ವಾರಕ್ಕೆ ಎರಡು ದಿನ ದಂಟಿನ ಸೊಪ್ಪಿನ ಸಾರನ್ನೋ ನುಗ್ಗೆಸೊಪ್ಪಿನ ಪಲ್ಯವನ್ನೋ ಉಣ್ಣುವ ರೂಢಿಯುಳ್ಳವನು ಹಾಗೆಯೇ ಉಣ್ಣುತ್ತಿದ್ದರೆ ಔಷಧದ ಅಳತೆಯನ್ನು ಅದಕ್ಕೆ ಸರಿಯಾಗಿ ಗೊತ್ತುಮಾಡಬಹುದು. ಮಳೆ ಬಿದ್ದು ಹೊಲದಲ್ಲಿ ಸೊಪ್ಪು ಹೇರಳವಾದಾಗ ಮೂರು ಹೊತ್ತೂ ಅದನ್ನೇ ತಿಂದು, ಬೇಸಗೆಯಲ್ಲಿ ಒಮ್ಮೆಗೆ ಬಿಡುವುದು ಅಪಾಯಕರ.

ಇದಕ್ಕಿಂತಲೂ ಗಂಡಾಂತರಕ್ಕೆ ಕಾರಣವಾಗುವುದು ಬೇರೆ ಔಷಧಗಳು. ಇಲ್ಲಿಯೂ ಕಿಣ್ವಪ್ರತಿಬಂಧವೇ ಎರಡನೆಯ ಸಾರಿ ಬರುವುದು. ವಾರ್ಫರಿನ್ನನ್ನು ಒಡೆದು ಹೊರಹಾಕುವ ಕಿಣ್ವವೊಂದು ಯಕೃತ್ತಿನಲ್ಲಿದೆ. ಆಮಶಂಕೆಗೆ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮೆಟ್ರೊನಿಡಜೋಲ್, ಕೆಮ್ಮು ಮತ್ತು ಮೂತ್ರದ ಉರಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಇವು ಆ ಕಿಣ್ವವನ್ನು ತಡೆಯುವುವು. ಆಗ ವಾರ್ಫರಿನ್ ಹೊರಹೋಗದೆ ಶರೀರದಲ್ಲಿ ಕೂಡುತ್ತ ಬರುವುದು. ರೋಗಿಯು ನುಂಗುವ ಮಾತ್ರೆಯು ನಿನ್ನೆ ಮೊನ್ನೆಯಷ್ಟೇ, ಪರಿಣಾಮವು ಇಮ್ಮಡಿ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ಪ್ರತಿಕೂಲವಾಗಿ ಆ ಕಿಣ್ವವನ್ನು ಹೆಚ್ಚಿಸಿ ಔಷಧವನ್ನು ನಿರರ್ಥಕಗೊಳಿಸುವುದು. ಮೈಕೈ ನೋವಿಗೆ ನುಂಗುವ ಡೈಕ್ಲೊಫೆನಾಕ್ ಮುಂತಾದವು ಬೇರೆ ಮಾರ್ಗದಿಂದ ಹೊಟ್ಟೆಯಲ್ಲಿ ರಕ್ತಸ್ರಾವವನ್ನು ತರುವುವು. ಇಂತಹ ರೋಗಿಗೆ ಸೊಂಟದ ಮಾಂಸಖಂಡಕ್ಕೆ ಚುಚ್ಚುಮದ್ದನ್ನು ಕೊಡುವುದೂ ಸಲ್ಲದು. ಒಳಗೆ ರಕ್ತವು ಸೋರಿ ದೊಡ್ಡ ಗಡ್ಡೆಯಾಗುವುದು. ಗರ್ಭಿಣಿಯು ಈ ಔಷಧವನ್ನು ಸೇವಿಸುತ್ತಿದ್ದರೆ ಶಿಶುವಿಗೆ ಅಂಗವಿಕಲತೆಯುಂಟಾಗಬಹುದಾದ್ದರಿಂದ ಮೊದಲ ಸಂಶಯದಲ್ಲಿಯೇ ಹೃದ್ರೋಗ ವೈದ್ಯರಿಗೆ ತಿಳಿಸತಕ್ಕದ್ದು. ಮೂಗು ಅಥವಾ ವಸಡಿನಿಂದ ರಕ್ತ, ಕೆಂಪು ಮೂತ್ರ, ಡಾಂಬರಿನಂತೆ ಕಪ್ಪಾದ ಮಲ, ತಲೆಗೆ ಪೆಟ್ಟಾದ ಮೇಲೆ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇನ್ನು ಇಲಿಯ ವಿಷಯ. ಈ ಪಾಷಾಣದ ಹೆಚ್ಚುಗಾರಿಕೆಯು ಅದರ ನಿಧಾನದಲ್ಲಿದೆ. ಜಿಂಕ್ ಫಾಸ್ಫೈಡ್ ತಿಂದ ಇಲಿಯು ಬೇಗನೆ ಸಾಯುವುದನ್ನು ಕಂಡು, ಅಥವಾ ಸ್ವಲ್ಪವೇ ತಿಂದು ಬೇನೆಯಿಂದ ಬದುಕಿಕೊಂಡು, ಉಳಿದ ಇಲಿಗಳು ಆ ತಿಂಡಿಯನ್ನು ಮತ್ತೆ ಮುಟ್ಟವು. ಕೂಮರಿನ್ ವಂಶದ ಪಾಷಾಣವನ್ನು ತಿಂದ ಇಲಿಗೆ ಹಲವು ದಿನಗಳವರೆಗೆ ಏನೂ ತಿಳಿಯದು. ಸಾವಿಗೂ ತಿಂಡಿಗೂ ಇರುವ ಸಂಬಂಧವನ್ನು ಅದು ಊಹಿಸಲಾರದು. ಆದರೆ ೧೯೫೮ರಲ್ಲಿ ಸ್ಕಾಟ್ಲೆಂಡಿನ ತೋಟವೊಂದರಲ್ಲಿ ವಾರ್ಫರಿನ್ನಿಗೆ ಸಾಯದ ಇಲಿಗಳು ಕಾಣಿಸಿಕೊಂಡವು. ಅವುಗಳ ಕಿಣ್ವದ ರಚನೆಯಲ್ಲಿ ಒಂದು ಅಲ್ಪ ಬದಲಾವಣೆಯಾಗಿ, ವಿಷವು ಹಿಡಿಯುವ ಗೂಡೇ ಮಾರ್ಪಟ್ಟಿತ್ತು. ಇಂತಹವುಗಳನ್ನು ಕೊಲ್ಲುವುದಕ್ಕಾಗಿ ೧೯೭೦ರ ದಶಕದಲ್ಲಿ ಬ್ರೊಮಾಡಿಯೊಲೋನ್, ಬ್ರೊಡಿಫಾಕಮ್ ಮೊದಲಾದವುಗಳನ್ನು ತಯಾರಿಸಿದರು. ಭಾರತದ ರೈತರು ಬಳಸುವ ಬ್ರೊಮಾಡಿಯೊಲೋನ್ ತಿಂಡಿಯಲ್ಲಿ ನೂರಕ್ಕೆ ೦.೦೦೫ ಪಾಲು ವಿಷವಿರುವುದು. ಇವು ಕಿಣ್ವವನ್ನು ಬಿಗಿಯಾಗಿ ಹಿಡಿಯುವುದಲ್ಲದೆ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುವು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕು, ನಾಯಿ ಮತ್ತು ಗೂಬೆಗಳಿಗೂ ಅದು ಸೇರುವುದು. ಗದ್ದೆಯ ಇಲಿಗಳನ್ನು ಹಿಡಿದು ತಿನ್ನುವ ಗೂಬೆಯನ್ನು ಹೀಗೆ ಕೊಲ್ಲುವುದು ರೈತನು ತನ್ನ ಕಾವಲುಗಾರನನ್ನೇ ಕೊಂದಂತೆ. ಆದಕಾರಣ ಸತ್ತ ಇಲಿಗಳನ್ನು ದಿನವೂ ಆರಿಸಿ ಹೂಳತಕ್ಕದ್ದು.

ಮಗುವೋ ದನವೋ ನಾಯಿಯೋ ಇಲಿಪಾಷಾಣವನ್ನು ತಿಂದಿತೆಂದು ಸಂಶಯವಾದರೆ ಮೊದಲು ತಿಳಿಯಬೇಕಾದುದು ಯಾವ ಪಾಷಾಣವೆಂಬುದು. ಅಂಗಡಿಯಲ್ಲಿ ಎಲ್ಲವನ್ನೂ ಒಂದೇ ಹೆಸರಿನಿಂದ ಮಾರುವುದರಿಂದ ಈ ಗೊಂದಲವು ಪ್ರಾಣಾಂತಿಕವಾಗುವುದು. ಬ್ರೊಮಾಡಿಯೊಲೋನಿಗೆ ವಿಟಮಿನ್ ಕೆ ಪ್ರತ್ಯೌಷಧ. ಜಿಂಕ್ ಫಾಸ್ಫೈಡಿಗೆ ಅದು ಪ್ರತ್ಯೌಷಧವಲ್ಲ. ಕೊಳವೆಯಲ್ಲಿ ಬರುವ ಹಳದಿ ರಂಜಕದ ಲೇಪವು ಯಕೃತ್ತನ್ನೇ ಸುಡುವುದು. ತಿಂದವರು ಒಂದೆರಡು ದಿನ ಚೆನ್ನಾಗಿರುವಂತೆ ತೋರಿ ಬಳಿಕ ಕಾಮಾಲೆಯಿಂದ ಸಾಯಬಹುದು. ಆದುದರಿಂದ ಪೊಟ್ಟಣವನ್ನೋ ಕೊಳವೆಯನ್ನೋ ರೋಗಿಯ ಜೊತೆಯಲ್ಲಿಯೇ ವೈದ್ಯರ ಬಳಿಗೆ ಒಯ್ಯತಕ್ಕದ್ದು. ಮೂರರಲ್ಲಿ ಯಾವುದಾದರೂ ಸರಿ, ಮಗುವು ಆಡಿಕೊಂಡಿದೆಯೆಂಬ ಧೈರ್ಯದಿಂದ ಮನೆಯಲ್ಲಿ ಇಟ್ಟುಕೊಳ್ಳಬಾರದು.

ದನಗಳಿಗೂ ನಾಯಿಗಳಿಗೂ ಪಶುವೈದ್ಯರು ಕೊಡುವುದು ವಿಟಮಿನ್ ಕೆ೧. ಕೋಳಿ ಮತ್ತು ದನಗಳ ಆಹಾರದ ಮಿಶ್ರಣದಲ್ಲಿ ಸೇರಿಸುವ ಕೆ೩ ಎಂಬುದು ಈ ವಿಷಕ್ಕೆ ಕೆಲಸಕ್ಕೆ ಬಾರದು. ಹೆಸರಿನ ಹೋಲಿಕೆಯನ್ನು ನಂಬಿ ಅದನ್ನು ತಿನ್ನಿಸುತ್ತ ಕಾಲ ಕಳೆಯಬಾರದು. ರಕ್ತವು ಬಹಳ ಹೋಗಿದ್ದರೆ ಆರೋಗ್ಯವಾದ ದನದ ರಕ್ತವನ್ನೂ ಹಾಕಬೇಕಾಗುವುದು, ಏಕೆಂದರೆ ವಿಟಮಿನ್ ಕೊಟ್ಟ ಮೇಲೂ ಹಲ್ಲುಳ್ಳ ಹೊಸ ಪ್ರೋಥ್ರೋಂಬಿನ್ ತಯಾರಾಗಲು ಕೆಲವು ಗಂಟೆಗಳು ಬೇಕು. ವಾರ್ಫರಿನ್ ತಿಂದದ್ದಕ್ಕೆ ಚಿಕಿತ್ಸೆಯು ಹೆಚ್ಚು ಬೇಗನೆ ಮುಗಿಯುವುದು. ಬ್ರೊಮಾಡಿಯೊಲೋನಿಗೆ ವಾರಗಟ್ಟಲೆ, ಕೆಲವು ಸಂದರ್ಭಗಳಲ್ಲಿ ತಿಂಗಳುಗಟ್ಟಲೆ ಕೊಡಬೇಕು. ರಕ್ತ ಸೋರುವುದು ನಿಂತಿತೆಂದು ವಿಟಮಿನ್ನನ್ನು ಬಿಟ್ಟರೆ, ಯಕೃತ್ತಿನಲ್ಲಿ ಉಳಿದ ವಿಷವು ಕಿಣ್ವವನ್ನು ಇನ್ನೂ ಹಿಡಿದಿರುವುದರಿಂದ ಕೆಲವೇ ದಿನಗಳಲ್ಲಿ ತಿರುಗಿ ಸೋರಲು ಆರಂಭವಾಗುವುದು. ಆದಕಾರಣ ವೈದ್ಯರು ಔಷಧವನ್ನು ನಿಲ್ಲಿಸಿದ ಎರಡು ದಿನಗಳ ತರುವಾಯ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿ, ಅದು ಸರಿಯಾದ ಹೊತ್ತಿಗೆ ಕಟ್ಟಿದರೆ ಮಾತ್ರ ರೋಗಿಯನ್ನು ಬಿಡುವರು. ಅಲ್ಲಿಯವರೆಗೆ ಮಗುವನ್ನು ಮನೆಗೆ ಕರೆದೊಯ್ಯಲು ಅವಸರಪಡತಕ್ಕದ್ದಲ್ಲ.